ಬಿಯರ್ ಮಾರಾಟಕ್ಕೂ ಜಿಎಸ್‌ಟಿ: ಕಟ್ಟುವ ಮೊದಲು ಮೇಲ್ಮನವಿ ಸಲ್ಲಿಸಿ

ನಮಸ್ಕಾರ. ನಿಮ್ಮ ಬೆಂಗಳೂರಿನ ಮೈಕ್ರೋಬ್ರೂವರಿಯ (ಸ್ಥಳದಲ್ಲೇ ಬಿಯರ್ ತಯಾರಿಸಿ ಮಾರುವ ಪಬ್) ಲೆಕ್ಕಪತ್ರದ ವಹಿವಾಟಿಗೂ ಜಿಎಸ್‌ಟಿ ರಿಟರ್ನ್‌ಗೂ ವ್ಯತ್ಯಾಸವಿದೆ ಎಂದು ಅಧಿಕಾರಿ ಅಷ್ಟೂ ಮೊತ್ತಕ್ಕೆ ತೆರಿಗೆ ಹಾಕಿ ಆದೇಶ ಕೊಟ್ಟಿದ್ದಾರೆ, ಕಟ್ಟಲೇಬೇಕೇ ಎಂದು ಕೇಳಿದ್ದೀರಿ. ಆ ವ್ಯತ್ಯಾಸ ಬಿಯರ್ ಮಾರಾಟದ್ದೇ ಆಗಿದ್ದರೆ ಖಂಡಿತ ಬೇಡ. ಮನುಷ್ಯರು ಸೇವಿಸುವ ಮದ್ಯವನ್ನು ಕೇಂದ್ರ ಜಿಎಸ್‌ಟಿ ಕಾಯ್ದೆಯ 9ನೇ ಸೆಕ್ಷನ್ ಹೊರಗಿಟ್ಟಿದೆ. ಅದು ರಾಜ್ಯದ ಬಾಬತ್ತು.

ಆದರೆ ಸುಮ್ಮನೆ ಕೂರಬೇಡಿ. ಆದೇಶ ಕೈಸೇರಿದ 3 ತಿಂಗಳೊಳಗೆ ಅದೇ ಕಾಯ್ದೆಯ 107ನೇ ಸೆಕ್ಷನ್ ಅಡಿ ಮೇಲ್ಮನವಿ ಸಲ್ಲಿಸಬೇಕು. ತಕ್ಕ ಕಾರಣವಿದ್ದರೆ ಇನ್ನೊಂದು ತಿಂಗಳು, ಅಷ್ಟೇ. ವಿವಾದಿತ ತೆರಿಗೆಯ ಶೇ 10ರಷ್ಟು ಠೇವಣಿ ಇಟ್ಟರೆ ಉಳಿದದ್ದರ ವಸೂಲಿ ನಿಲ್ಲುತ್ತದೆ.

ಈಗಲೇ ನಿಮ್ಮ ಜಿಎಸ್‌ಟಿಆರ್-3ಬಿ (ಮಾರಾಟ, ತೆರಿಗೆಯ ಸಾರಾಂಶ ರಿಟರ್ನ್) ತೆರೆದು ಜಿಎಸ್‌ಟಿ ವ್ಯಾಪ್ತಿಗೆ ಬಾರದ ಮಾರಾಟದ 3.1(ಇ) ಸಾಲು ನೋಡಿ. ಬಿಯರ್ ಮಾರಾಟ ಅಲ್ಲಿ ನಮೂದಾಗಿರಬೇಕು. ಸೊನ್ನೆ ಇದ್ದರೆ ಗೊಂದಲ ಹುಟ್ಟಿದ್ದೇ ಅಲ್ಲಿ. ಬಿಲ್ಲುಗಳಿಂದ ಊಟದ ಮೊತ್ತ, ಬಿಯರ್ ಮೊತ್ತ ಬೇರ್ಪಡಿಸಿ ತಿಂಗಳವಾರು ಪಟ್ಟಿ ಮಾಡಿಸಿ, ಅಬಕಾರಿ ದಾಸ್ತಾನು ಪುಸ್ತಕದೊಂದಿಗೆ ತಾಳೆ ನೋಡಿ ಲಗತ್ತಿಸಿ. ಈ ಕೆಲಸವನ್ನು ಲೆಕ್ಕಿಗರಿಗೇ ಬಿಟ್ಟುಬಿಡಬೇಡಿ, ಜೊತೆಯಲ್ಲಿ ಕುಳಿತುಕೊಳ್ಳಿ.

ಬಿಯರ್ ತಯಾರಿಸುವ ಯಂತ್ರಕ್ಕೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ಜಿಎಸ್‌ಟಿಯನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದು) ಪಡೆದಿದ್ದರೆ ಅದು ನಿಮಗೆ ದಕ್ಕುವುದಿಲ್ಲ. ಆ ಭಾಗವನ್ನು ಒಪ್ಪಿಕೊಂಡು ಕಟ್ಟಿಬಿಡಿ. ವಿಚಾರಣೆಗೆ ಅವಕಾಶವನ್ನೇ ಕೊಡದೆ ಆದೇಶ ಮಾಡಿದ್ದರೆ ಅದು ಅದೇ ಕಾಯ್ದೆಯ ಸೆಕ್ಷನ್ 75(4)ರ ಉಲ್ಲಂಘನೆ. ಮೇಲ್ಮನವಿಯಲ್ಲಿ ಅದನ್ನೇ ಮೊದಲು ಬರೆಯಿರಿ.