ಬಸುರಿ ಎಂದು ತಿಳಿಯುವ ಮೊದಲು ಕುಡಿದಿದ್ದನ್ನು ವೈದ್ಯರಿಗೆ ಹೇಳಲೇಬೇಕೇ?

ಗೊತ್ತಾಗುವ ಮುಂಚೆ ಬಿಯರನ್ನೂ ಮನೆಯಲ್ಲಿ ಮಾಡಿದ ವೈನನ್ನೂ ಕುಡಿದಿದ್ದೀರಿ, ಮೂರನೆಯ ತಿಂಗಳಾದ ಈಗ ಪೂರ್ತಿ ಬಿಟ್ಟಿದ್ದೀರಿ, ಇನ್ನು ಅದನ್ನು ವೈದ್ಯರೆದುರು ಎತ್ತುವುದೇಕೆ ಎಂದು ಕೇಳಿದ್ದೀರಿ. ನಾನು ಇದೇ ಪ್ರಶ್ನೆಗೆ ಯಾರನ್ನೂ ಕೇಳದೆ ನನಗೆ ನಾನೇ ಉತ್ತರ ಹೇಳಿಕೊಂಡೆ. ನನ್ನ ಮಗನಿಗೆ ಈಗ 10 ವರ್ಷ.

ಶಿವಮೊಗ್ಗದಲ್ಲಿ ಡಿಗ್ರಿ ಓದುವಾಗ ಪಿಜಿಯ ಗೆಳತಿಯರ ಜೊತೆ ಹತ್ತಿದ ಅಭ್ಯಾಸ ಅದು. ಶನಿವಾರ ಮಾತ್ರ ಕುಡಿಯುತ್ತಿದ್ದುದರಿಂದ ಅದು ಚಟವಲ್ಲವೆಂದೇ ನಂಬಿದ್ದೆವು. ಶೇ. 8ರ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿಯೊಂದರಲ್ಲಿ 30 ಮಿ.ಲೀ.ನ ನಾಲ್ಕು ಪೆಗ್ ವಿಸ್ಕಿಯಷ್ಟು ಮದ್ಯಸಾರವಿರುತ್ತದೆಂದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಮದುವೆಯಾಗಿ ತೀರ್ಥಹಳ್ಳಿ ಕಡೆಯ ತೋಟದ ಮನೆಗೆ ಬಂದ ಮೇಲೂ ಹಳೆಯ ಗೆಳೆಯರು ಕರೆದಾಗ ಹೋಗುತ್ತಿದ್ದೆ. ಭೂಮಿ ಹುಣ್ಣಿಮೆಯಂದು ಬಸುರಿ ಭೂಮಿತಾಯಿಗೆ ಬಯಕೆಯ ಅಡುಗೆ ಹೊತ್ತು ಗದ್ದೆಗೆ ಹೋಗಿ ಬಂದವಳು, ಮಾರನೆಯ ದಿನ ಹೋಂಸ್ಟೇಯೊಂದರಲ್ಲಿ ಕೂತು ಅಂಥ ಎರಡು ಬಾಟಲಿ ಕುಡಿದೆ. ನಾನೂ ಆಗ ಐದು ವಾರದ ಬಸುರಿ.

ಆದರೆ ನನಗೆ ದುಬಾರಿಯಾದದ್ದು ಆನಂತರದ ಸುಳ್ಳು. ಮೊದಲ ತಪಾಸಣೆಯಲ್ಲಿ ವೈದ್ಯರು "ಮದ್ಯ, ತಂಬಾಕು ಏನಾದರೂ ಅಭ್ಯಾಸ ಇದೆಯೇನಮ್ಮಾ?" ಎಂದು ಕೇಳಿದರು. ನನ್ನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲೇ ಕೂತಿದ್ದ ಅತ್ತೆಯವರು, ನಾನು ಬಾಯಿ ತೆರೆಯುವ ಮೊದಲೇ, "ನಮ್ಮನೇಲಿ ಅಂಥದ್ದೆಲ್ಲ ಇಲ್ಲ ಡಾಕ್ಟ್ರೇ" ಎಂದರು. ನಾನು ತಲೆಯಾಡಿಸಿದೆ. ಮಗುವಿಗೆ ಮೂರಾದರೂ ಮಾತು ಕೂಡದಿದ್ದಾಗ ಮಕ್ಕಳ ವೈದ್ಯರು ಮತ್ತೆ ಕೇಳಿದರು. ಹಿಂದೆ "ಇಲ್ಲ" ಎಂದಿದ್ದೇನಲ್ಲ, ಈಗ "ಹೌದು" ಎಂದರೆ ಏನಂದುಕೊಳ್ಳುತ್ತಾರೋ ಎಂದು ಮತ್ತೆ "ಇಲ್ಲ" ಎಂದೆ. ಆರನೆಯ ವರ್ಷದಲ್ಲಿ ಮೂರನೆಯ ಬಾರಿಗೂ ಅದೇ ಮಾತು. ಆ ಒಂದು ಪದವನ್ನು ನಂಬಿ ಕಿವಿ, ಥೈರಾಯ್ಡ್, ಬೆಂಗಳೂರಿಗೆ ಕಳಿಸಿದ ರಕ್ತ ಎಂದು ಪರೀಕ್ಷೆಯ ಮೇಲೆ ಪರೀಕ್ಷೆ ನಡೆದವು. ಕಿರಿದಾದ ಕಣ್ಣಿನ ಸೀಳು, ಮೂಗಿಗೂ ಮೇಲ್ದುಟಿಗೂ ನಡುವೆ ತಗ್ಗುಗೆರೆಯಿಲ್ಲದ ಚರ್ಮ, ತೆಳು ಮೇಲ್ದುಟಿ ಮೂರೂ ಸ್ಪಷ್ಟವಾಗಿದ್ದರೆ ತಾಯಿ ಬಾಯಿ ಬಿಡದಿದ್ದರೂ, ಬಸಿರಿನಲ್ಲಿ ಕುಡಿದದ್ದರಿಂದ ಮಗುವಿಗಾಗುವ ಈ ತೊಂದರೆಯನ್ನು ವೈದ್ಯರು ಗುರುತಿಸಬಲ್ಲರು. ಮುಖದಲ್ಲಿ ಲಕ್ಷಣವಿಲ್ಲದೆ ಮಿದುಳಿಗೆ ಮಾತ್ರ ಪೆಟ್ಟಾಗಿದ್ದರೆ ತಾಯಿಯ ಮಾತೇ ಆಧಾರ. ನನ್ನ ಮಗನದು ಆ ಬಗೆ.

ಅವನಿಗೆ ಎಂಟಾದಾಗ ಬೆಂಗಳೂರಿನ ವೈದ್ಯೆಯೊಬ್ಬರು ಎಲ್ಲರನ್ನೂ ಹೊರಗೆ ಕಳಿಸಿ ಕೇಳಿದರು. ಹೇಳಿದೆ. 1973ರಲ್ಲಿ ಅಮೆರಿಕದ ಸಿಯಾಟಲ್‌ನ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಎಂಬ ವೈದ್ಯರು 'ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್' ಎಂದು ಹೆಸರಿಟ್ಟ ಕಾಯಿಲೆಯ ಗುಂಪಿಗೇ ಇದೂ ಸೇರುತ್ತದೆ ಎಂದು ಅವರಿಂದ ತಿಳಿಯಿತು. ತಾಯಿ ಕುಡಿದದ್ದು ಮಾಸನ್ನು ದಾಟಿ ಕೂಸಿನ ರಕ್ತ ಸೇರುತ್ತದೆ, ಅದನ್ನು ಕರಗಿಸುವ ಶಕ್ತಿ ಕೂಸಿನ ಯಕೃತ್ತಿಗೆ ಇರುವುದಿಲ್ಲ. ಅಂಗಳದಲ್ಲಿ ಒಣಹಾಕಿದ ಅಡಿಕೆಯನ್ನು ಸಂಜೆ ನನ್ನೊಡನೆ ಇಪ್ಪತ್ತರವರೆಗೆ ಎಣಿಸುವ ಹುಡುಗ ಮಾರನೆಯ ಬೆಳಿಗ್ಗೆ ಎಣಿಸುತ್ತ ಏಳರ ಅಂಕಿಗೇ ನಿಂತು ನನ್ನ ಮುಖ ನೋಡುತ್ತಾನೆ. ಇದನ್ನು ಸೋಮಾರಿತನವೆಂದು ನಾನು ಹೊಡೆದಿದ್ದೇನೆ. ಮೊದಲೇ ತಿಳಿದಿದ್ದರೆ ಮೂರನೆಯ ವರ್ಷದಿಂದಲೇ ತರಬೇತಿ ಸಿಗುತ್ತಿತ್ತು, ಆ ಹೊಡೆತಗಳೂ ಬೀಳುತ್ತಿರಲಿಲ್ಲ.

ಆದ್ದರಿಂದ "ಬಿಟ್ಟಾಯಿತಲ್ಲ" ಎಂಬ ನಿಮ್ಮ ವಾದವನ್ನು ನಾನು ಒಪ್ಪುವುದಿಲ್ಲ. ಮನೆಯ ವೈನ್ ರಕ್ತಕ್ಕೆ ಒಳ್ಳೆಯದೆಂಬುದೂ ಸುಳ್ಳು. ಸಕ್ಕರೆ ಹಾಕಿ ಹುಳಿಬರಿಸಿದ ದ್ರಾಕ್ಷಿಯೂ ಮದ್ಯವೇ, ಬಸಿರಿನಲ್ಲಿ ಇಷ್ಟು ಕುಡಿದರೆ ಅಪಾಯವಿಲ್ಲ ಎಂಬ ಅಳತೆಯೇ ಇಲ್ಲ. ಹಾಗೆಂದು ಎದೆಗುಂದಬೇಡಿ. ಕುಡಿದವರ ಮಕ್ಕಳೆಲ್ಲರಿಗೂ ಹೀಗಾಗುವುದಿಲ್ಲ, ಯಾವ ವಾರದಲ್ಲಿ ಬಿಟ್ಟರೂ ಕೂಸಿಗೆ ಲಾಭವೇ. ಬಿಟ್ಟ ಮೇಲೆ ನಿಮಗೆ ಕೈನಡುಕ, ಬೆವರು, ನಿದ್ದೆಗೇಡು ಕಾಣಿಸಿಕೊಂಡಿದ್ದರೆ ಮಾತ್ರ ಮನೆಯಲ್ಲಿ ಸಹಿಸಿಕೊಂಡು ಕೂರದೆ ಇಂದೇ ಆಸ್ಪತ್ರೆಗೆ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ.

ಮುಂದಿನ ತಪಾಸಣೆಗೆ ಅತ್ತೆಯವರು ಜೊತೆಗೆ ಬರುವುದಾದರೆ ಮನೆಯಲ್ಲೇ ಒಂದು ಚೀಟಿಯಲ್ಲಿ ಯಾವ ದಿನ, ಏನು, ಎಷ್ಟು ಬಾಟಲಿ ಎಂದು ಬರೆದುಕೊಳ್ಳಿ. ತೂಕ ನೋಡಲು ಒಳಗೆ ಕರೆಯುತ್ತಾರಲ್ಲ, ಆಗ ತಾಯಿ ಕಾರ್ಡಿನೊಳಗಿಟ್ಟು ಕೊಟ್ಟುಬಿಡಿ.