ರುಚಿ ಎಲ್ಲಿಂದ ಬಂತು, ಸವಿ ಎಲ್ಲಿಯದು?

ಪ್ರಶ್ನೆ: ಅಡುಗೆ ಚೆನ್ನಾಗಿದ್ದರೆ ‘ರುಚಿಯಾಗಿದೆ’ ಅನ್ನುತ್ತೇವೆ. ‘ರುಚಿ’ ಕನ್ನಡದ್ದೇ ಪದವೇ? ಹಾಗಿದ್ದರೆ ‘ರುಚಿರ’ ಎಂಬುದಕ್ಕೆ ಸುಂದರ ಎಂಬ ಅರ್ಥ ಹೇಗೆ ಬಂತು? ‘ಸವಿ’ಗೂ ಇದಕ್ಕೂ ಏನು ವ್ಯತ್ಯಾಸ?

ಉತ್ತರ: ‘ರುಚಿ’ ಸಂಸ್ಕೃತದಿಂದ ಬಂದದ್ದು, ಅದರ ಮೂಲದಲ್ಲಿರುವುದು ಬೆಳಕು. ಸಂಸ್ಕೃತದ ಧಾತುಗಳ (ಕ್ರಿಯಾಪದಗಳ ಮೂಲರೂಪಗಳ) ಪಟ್ಟಿಯಾದ ಧಾತುಪಾಠ ‘ರುಚ’ ಧಾತುವಿಗೆ ದೀಪ್ತಿ, ಅಭಿಪ್ರೀತಿ ಎಂದು ಎರಡರ್ಥ ಕೊಡುತ್ತದೆ. ಹೊಳೆಯುವುದು ಮತ್ತು ಇಷ್ಟವಾಗುವುದು. ಅಮರಕೋಶದಲ್ಲಿ ಪ್ರಭೆ, ದ್ಯುತಿ, ದೀಪ್ತಿಗಳ ಸಾಲಿನಲ್ಲೇ ರುಚಿಯೂ ಕೂತಿದೆ. ಚಂದ್ರನಿಗೆ ‘ಹಿಮರುಚಿ’ ಎಂಬ ಹೆಸರುಂಟು. ಮಂಜಿನ ರುಚಿ ನೋಡಿದವನು ಎಂದುಕೊಳ್ಳಬೇಡಿ, ತಣ್ಣನೆಯ ಕಿರಣದವನು! ನಿಮ್ಮ ‘ರುಚಿರ’ ಈ ಹೊಳಪಿನ ಕಡೆಯ ನೆಂಟ.

ಇಷ್ಟವಾಗುವುದು ಎಂಬ ಅರ್ಥಕ್ಕೆ ಪಾಣಿನಿ ಒಂದು ಸೂತ್ರವನ್ನೇ ಮೀಸಲಿಟ್ಟಿದ್ದಾನೆ: ‘ರುಚ್ಯರ್ಥಾನಾಂ ಪ್ರೀಯಮಾಣಃ’. ಯಾರಿಗೆ ಇಷ್ಟವೋ ಅವರಿಗೆ ಚತುರ್ಥಿ ವಿಭಕ್ತಿ, ಅಂದರೆ ನಮ್ಮ ‘ಗೆ’, ‘ಕ್ಕೆ’. ವ್ಯಾಖ್ಯಾನಕಾರರು ಕೊಡುವ ಉದಾಹರಣೆ ‘ದೇವದತ್ತಾಯ ರೋಚತೇ ಮೋದಕಃ’, ದೇವದತ್ತನಿಗೆ ಮೋದಕ ರುಚಿಸುತ್ತದೆ. ವಾಕ್ಯದ ಯಜಮಾನಿಕೆ ಮೋದಕದ್ದು, ತಿನ್ನುವವನದಲ್ಲ. ಕನ್ನಡದಲ್ಲೂ ‘ನನಗೆ ಹಾಗಲಕಾಯಿ ಗೊಜ್ಜು ರುಚಿಸುತ್ತದೆ’ ಎಂದೇ ಹೇಳಬೇಕು. ‘ನಾನು ಗೊಜ್ಜನ್ನು ರುಚಿಸುತ್ತೇನೆ’ ಅಂದರೆ ನಗುತ್ತಾರೆ. ಆಯುರ್ವೇದದ ‘ಅರುಚಿ’ಯನ್ನೂ ಹೀಗೇ ತಿಳಿಯಬೇಕು. ಅಲ್ಲಿ ಸಾರು ಸಪ್ಪೆಯಾಗಿರುವುದಿಲ್ಲ, ಉಣ್ಣುವವನಿಗೆ ಅನ್ನವೇ ಬೇಡವಾಗಿರುತ್ತದೆ. ಸಿಹಿ, ಹುಳಿ, ಕಹಿ, ಒಗರುಗಳನ್ನು ನಾವು ರುಚಿ ಅನ್ನುತ್ತೇವೆ, ಆ ಶಾಸ್ತ್ರ ‘ರಸ’ ಅನ್ನುತ್ತದೆ.

‘ಸವಿ’ ದ್ರಾವಿಡ ಮನೆತನದ್ದು. ತಮಿಳಿನ ಸುವೈ, ಮಲಯಾಳದ ಚುವ, ತೆಲುಗಿನ ಚವಿ ಇದರ ಒಡಹುಟ್ಟುಗಳು. ಇಲ್ಲಿ ತಿನ್ನುವವನೇ ಯಜಮಾನ: ‘ಮಾವಿನಹಣ್ಣನ್ನು ಸವಿದೆ’.

ಬಳಕೆಯಲ್ಲೂ ಎರಡರ ದಾರಿ ಬೇರೆಯಾಗಿದೆ. ರುಚಿ ಈಗ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಸಲ್ಲುತ್ತದೆ. ಜ್ವರ ಬಂದರೆ ಬಾಯಿರುಚಿ ಕೆಡುತ್ತದೆ, ಕಷಾಯದ ರುಚಿ ಕಹಿ, ಹಟ ಮಾಡುವ ಹುಡುಗನಿಗೆ ‘ಏಟಿನ ರುಚಿ ತೋರಿಸಲಾ?’ ಅನ್ನುತ್ತಾರೆ. ಸವಿ ಅಷ್ಟಕ್ಕೆ ಇಳಿಯಲಿಲ್ಲ. ಸವಿಮಾತು, ಸವಿನೆನಪು, ಸವಿಗನಸು, ಎಲ್ಲವೂ ಹಿತವಾದವೇ. ‘ಏಟಿನ ಸವಿ’ ಅಂದರೆ ಅದು ವ್ಯಂಗ್ಯ. ಆದರೂ ಬಡಿಸಿದವರನ್ನು ಮೆಚ್ಚುವಾಗ ‘ಸಾರು ರುಚಿಯಾಗಿದೆ’ ಅನ್ನುವುದೇ ಸಹಜ. ‘ಸವಿಯಾಗಿದೆ’ ಅಂದರೆ ನನ್ನ ಕಿವಿಗಂತೂ ಸ್ವಲ್ಪ ಪುಸ್ತಕದ ಮಾತು.

ಅಂದಹಾಗೆ, ಟಿವಿಯವರ ‘ರೋಚಕ ತಿರುವು’ ಕೂಡ ಇದೇ ಧಾತುವಿನದು. ಸಂಸ್ಕೃತದಲ್ಲಿ ರೋಚಕ ಎಂದರೆ ಹಸಿವು ಹುಟ್ಟಿಸುವಂಥದ್ದು ಎಂಬ ಅರ್ಥವೂ ಇದೆ.