ವ್ಯಸನಕ್ಕೆ ಸಿಲುಕಿದ ಆಸ್ಪತ್ರೆ ಸಿಬ್ಬಂದಿಯನ್ನು ವಜಾ ಮಾಡುವ ನಿಯಮ ಸರಿಯೇ?

ಓಟಿ (ಶಸ್ತ್ರಚಿಕಿತ್ಸಾ ಕೊಠಡಿ) ನರ್ಸ್ ಒಬ್ಬರು ಫೆಂಟನಿಲ್ ಎಂಬ ಪ್ರಬಲ ನೋವುನಿವಾರಕವನ್ನು ಚುಚ್ಚಿಕೊಳ್ಳುತ್ತಿದ್ದುದು ಬಯಲಾದ ಮೇಲೆ, ಸಿಕ್ಕಿಬಿದ್ದವರನ್ನು ಅಂದೇ ವಜಾ ಮಾಡುವ ನಿಯಮವನ್ನು ನಿಮ್ಮ ಆಡಳಿತ ಮಂಡಳಿ ತರಲಿದೆ ಎಂದು ಬರೆದಿದ್ದೀರಿ. ಅರಿವಳಿಕೆ ವೈದ್ಯನಾಗಿ ನನ್ನ ಅಭಿಪ್ರಾಯ ಹೇಳುತ್ತೇನೆ: ಅವರನ್ನು ಆ ಗಳಿಗೆಯಿಂದಲೇ ರೋಗಿಗಳಿಂದಲೂ ಔಷಧದ ಕಪಾಟಿನಿಂದಲೂ ದೂರವಿಡಲೇಬೇಕು, ಆದರೆ ವಜಾ ಒಂದೇ ದಾರಿಯಾದರೆ ಮುಂದೆ ಯಾರೂ ಬಾಯಿ ಬಿಡುವುದಿಲ್ಲ.

ನಾನು ಹೊಸದಾಗಿ ಸೇರಿದ್ದ ಆಸ್ಪತ್ರೆಯಲ್ಲಿ ಸಹೋದ್ಯೋಗಿಯೊಬ್ಬರು ರಾತ್ರಿ ಡ್ಯೂಟಿಯನ್ನು ತಾವಾಗಿಯೇ ಕೇಳಿ ಪಡೆಯುತ್ತಿದ್ದರು; ದಾಖಲೆಯಲ್ಲಿ ನೋವುನಿವಾರಕದ ಪೂರ್ತಿ ಡೋಸ್ ಬರೆದಿದ್ದರೂ ಅವರ ರೋಗಿಗಳು ಓಟಿಯಿಂದ ಹೊರಬಂದೊಡನೆ ನೋವಿನಿಂದ ನರಳುತ್ತಿದ್ದರು. ನಮ್ಮಲ್ಲಿ ಮೂವರಿಗೆ ಅನುಮಾನವಿತ್ತು. ಅವರ ಅನ್ನಕ್ಕೆ ಕಲ್ಲು ಹಾಕಬಾರದೆಂದು ಸುಮ್ಮನಿದ್ದೆವು, ಕೊನೆಗೆ ಡ್ಯೂಟಿ ಕೋಣೆಯಲ್ಲಿ ಉಸಿರು ನಿಲ್ಲುವ ಸ್ಥಿತಿಯಲ್ಲಿ ಅವರು ಸಿಕ್ಕರು. ಬದುಕಿದರು, ಆದರೆ ನಮ್ಮ ಆ ಮೌನವನ್ನು ನಾನು ಇಂದಿಗೂ ಕ್ಷಮಿಸಿಕೊಂಡಿಲ್ಲ.

ಕಾನೂನು ಕೂಡ ಇಷ್ಟು ನಿಷ್ಠುರವಾಗಿಲ್ಲ. ಮಾದಕವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯಿದೆಯ 64ಎ ಕಲಮು, ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಸೇವನೆ ಮತ್ತು ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. 2017ರ ಮಾನಸಿಕ ಆರೋಗ್ಯ ಕಾಯಿದೆ ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ತೊಂದರೆಗಳನ್ನು ಮಾನಸಿಕ ಕಾಯಿಲೆಯೊಳಗೇ ಸೇರಿಸಿದೆ. ಅಮೆರಿಕದ 16 ರಾಜ್ಯಗಳ ನಿಗಾ ಯೋಜನೆಗಳಲ್ಲಿದ್ದ 904 ವೈದ್ಯರ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಚಿಕಿತ್ಸೆ, ಮುನ್ಸೂಚನೆಯಿಲ್ಲದ ಮೂತ್ರ ಪರೀಕ್ಷೆ ಮತ್ತು ದೀರ್ಘ ನಿಗಾ ಸೇರಿದ ಆ ವ್ಯವಸ್ಥೆಯಲ್ಲಿ, ಐದು ವರ್ಷಗಳ ನಂತರ ಸುಮಾರು ಮುಕ್ಕಾಲು ಪಾಲು ಜನ ಪರವಾನಗಿ ಉಳಿಸಿಕೊಂಡು ಕೆಲಸದಲ್ಲಿದ್ದರು.

ಬಿಗಿ ಬೇಕಾಗಿರುವುದು ಔಷಧದ ಲೆಕ್ಕದಲ್ಲಿ. ಆಂಪ್ಯೂಲಿನಲ್ಲಿ (ಚುಚ್ಚುಮದ್ದಿನ ಪುಟ್ಟ ಗಾಜಿನ ಸೀಸೆ) ಉಳಿದದ್ದನ್ನು ಇಬ್ಬರ ಎದುರು ಚೆಲ್ಲಿ ಇಬ್ಬರೂ ಸಹಿ ಮಾಡಬೇಕು, ಪ್ರತಿ ಶಿಫ್ಟ್ ಬದಲಾಗುವಾಗ ಎಣಿಸಬೇಕು. ಅರಿವಳಿಕೆಗೆ ಕೊಡುವ ಪ್ರೊಪೊಫಾಲ್ ಚುಚ್ಚುಮದ್ದು ಎನ್‌ಡಿಪಿಎಸ್ ಪಟ್ಟಿಯಲ್ಲಿಲ್ಲವೆಂದು ಅದನ್ನು ಟ್ರೇಯಲ್ಲಿ ತೆರೆದಿಡುವ ರೂಢಿಯನ್ನೂ ನಿಲ್ಲಿಸಿ. ಅನುಮಾನವನ್ನು ಯಾರಿಗೆ ಹೇಳಬೇಕು ಎಂಬುದನ್ನೂ, ಹೇಳಿದವರ ಹೆಸರು ಹೊರಬೀಳುವುದಿಲ್ಲ ಎಂಬುದನ್ನೂ ನಿಯಮದಲ್ಲಿ ಬರೆಯಿರಿ. ಗುಣವಾಗಿ ಮರಳಿದವರಿಗೆ ಮೊದಲು ರಾತ್ರಿ ಡ್ಯೂಟಿಯನ್ನಾಗಲಿ ಕಪಾಟಿನ ಕೀಲಿಯನ್ನಾಗಲಿ ಕೊಡಬೇಡಿ.

ಮಂಡಳಿ ಏನೇ ತೀರ್ಮಾನಿಸಲಿ, ಆ ನರ್ಸನ್ನು ವಿಚಾರಣೆಯ ನಂತರ ಒಬ್ಬರನ್ನೇ ಮನೆಗೆ ಕಳುಹಿಸಬೇಡಿ. ಸಿಕ್ಕಿಬಿದ್ದ ಮೊದಲ ಕೆಲವು ದಿನಗಳಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚು. ಮನೆಯವರನ್ನು ಕರೆಸಿ, ಜೊತೆಗೊಬ್ಬರು ಹೋಗಿ, ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೋ ಹತ್ತಿರದ ಮನೋವೈದ್ಯರ ಬಳಿಗೋ ಅಂದೇ ತಲುಪಿಸಿ.